ಮುನ್ನಿಗೆ ಕೇಳಿಸಿದ ಸದ್ದು

ಗಂಡ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಶಹಾಬಾದದ ಇಮಾಮ್ಬೀ, "ನನ್ನ ಸವತಿ ಚಾಕರಿ ಮಾಡ್ಲಿಕತ್ತಾರ್ರಿ" ಎಂದು ನಗುತ್ತಿದ್ದಳು. ಸವತಿ ಎಂದರೆ ಮುನ್ನಿ ಎಂಬ ಚಿಂಪಾಂಜಿ. ಕಳ್ಳಸಾಗಣೆಯವರಿಂದ ಬಿಡಿಸಿ ತಂದಿದ್ದ ಆ ಮರಿಯನ್ನು ಹೈದರಾಬಾದಿನಾಚೆಯ ಒಂದು ಆಶ್ರಯಧಾಮದಲ್ಲಿ ಸಾಕಿ ದೊಡ್ಡದು ಮಾಡಿದವನು ಅವಳ ಗಂಡ ಖಾಜಾಮಿಯಾ.

ಅದಕ್ಕೂ ಮೊದಲು ಅವನು ಊರಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೂಲಿಯಾಗಿದ್ದ. ಅಲ್ಲಿ ಕಲ್ಲನ್ನು ಎತ್ತುವ ಮುಂಚೆ ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಬೊದ್ದೆನ್ನುತ್ತದೆ. ಆ ರೂಢಿ ಅವನನ್ನು ಬಿಡಲೇ ಇಲ್ಲ. ಮನೆಯ ಬಾಗಿಲಾಗಲಿ, ಮುನ್ನಿಯ ಕೋಣೆಯ ಬಾಗಿಲಾಗಲಿ, ಎರಡು ಸಲ ಬಡಿದು, ತುಸು ತಡೆದು, ಮತ್ತೊಮ್ಮೆ ಬಡಿದೇ ಒಳಗೆ ಕಾಲಿಡುತ್ತಿದ್ದ.

ಕಳೆದ ವರ್ಷ ರಜೆಗೆ ಬಂದಾಗ ಎದೆನೋವು ಬಂದು ತೀರಿಕೊಂಡ. ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಕಾಳಗಿಯ ಚಂದ್ರಕಲಾ ಮನೆ ಹುಡುಕಿಕೊಂಡು ಬಂದಳು. ಚಿಂಪಾಂಜಿಗಳ ನೆನಪಿನ ಶಕ್ತಿಯ ಬಗ್ಗೆ ಅದೇ ಆಶ್ರಯಧಾಮದಲ್ಲಿ ಸಂಶೋಧನೆ ಮಾಡುತ್ತಿದ್ದವಳು.

"ಚಾಚಿ, ಮುನ್ನಿ ಹೊಟ್ಟಿ ತುಂಬ ತಿನ್ನವಲ್ದು. ಬಾಗಿಲ ಕಡೀನೇ ನೋಡ್ಕೋತ ಕುಂತದ. ಚಾಚಾರ ಅಂಗಿ ಒಂದು ಇದ್ರ ಕೊಡ್ರಿ. ವಾಸನಿ ಹಿಡಿದು ಸಮಾಧಾನ ಆದೀತು."

"ಎಲ್ಲಿಂದ ಕೊಡ್ಲಿ ಬೇಟಾ? ನಲವತ್ತಕ್ಕ ಅವರ ಬಟ್ಟಿ ಎಲ್ಲಾ ಬಡವ್ರಿಗಿ ಹಂಚೀನಿ. ರುಮಾಲ ಸುದ್ದಾ ಉಳಿಸಿಲ್ಲ."

"ಹಂಗಾದ್ರ ನೀವೇ ಬರ್ರಿ."

ಆದರೆ ಇಮಾಮ್ಬೀ ಇದ್ದತ್ತಿನಲ್ಲಿದ್ದಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವುದಿಲ್ಲ.

"ಅಕಿನೂ ಇದ್ದತ್ ಕುಂತಾಳ ನೋಡು," ಎಂದು ಕಣ್ಣೊರೆಸಿಕೊಂಡಳು. "ಮುಗದ ಮ್ಯಾಲ ಬರ್ತೀನಿ. ಅಲ್ಲೀತನಕ ಹ್ಯಾಂಗರೆ ಮಾಡಿ ಉಣಸು." ಆಮೇಲೆ ಏನೋ ಹೊಳೆದಂತಾಗಿ, "ನಿನ್ನ ಫೋನ್ ತಗಿ," ಎಂದಳು. ತನ್ನ ಮನೆಯ ಬಾಗಿಲನ್ನು ಗಂಡ ಬಡಿಯುತ್ತಿದ್ದಂತೆಯೇ ಬಡಿದಳು. ಚಂದ್ರಕಲಾ ಆ ಸದ್ದನ್ನು ಫೋನಿನಲ್ಲಿ ತುಂಬಿಕೊಂಡು ಹೋದಳು.

ಮರುದಿನವೇ ಫೋನ್ ಬಂತು.

"ಸದ್ದು ಕೇಳಿದ ಕೂಡ್ಲೇ ಕೂಗ್ಕೋತ ಓಡಿ ಬಂತು ಚಾಚಿ. ಬಾಗಿಲು ತಗದೆ. ನನ್ನ ಬೆನ್ನ ಹಿಂದ ಹಣಿಕಿ ಹಾಕಿ ಹುಡುಕಿತು. ಭಾಳ ಹೊತ್ತು ಹುಡುಕಿತು. ಈಗ ಗ್ವಾಡಿ ಕಡಿ ಮಾರಿ ಮಾಡ್ಯಾದ, ಬಾಗಿಲ ಕಡಿ ನೋಡವಲ್ದು. ಆದ್ರ ನೆನಪದ ಚಾಚಿ, ಅಷ್ಟು ಪಕ್ಕಾ ನೆನಪದ."

"ಅದು ನಮಗ ಗೊತ್ತಿರ್ಲಿಲ್ಲೇನು? ನಾವಿಬ್ರೂ ಕೂಡಿ ಅಕಿಗಿ ಸುಳ್ಳು ಹೇಳಿದಿವಿ ಬೇಟಾ. ಆ ಸದ್ದು ಅಳಿಸಿಬಿಡು."

ಅಂದಿನಿಂದ ಮುನ್ನಿ ಹಾಲನ್ನೂ ಮುಟ್ಟಲಿಲ್ಲ. ವೈದ್ಯರು ಸೂಜಿಯಿಂದ ಹಾಕಿದ ನೀರಿನ ಮೇಲೆ ಕೆಲವು ದಿನ ಉಸಿರು ಹಿಡಿದಿತ್ತು. ಇದ್ದತ್ ಇನ್ನೂ ಬಹಳ ಉಳಿದಿರುವಾಗಲೇ ಸತ್ತ ಸುದ್ದಿ ಬಂತು. ಇಮಾಮ್ಬೀ ಹೊಸ್ತಿಲ ಒಳಗೇ ಕುಳಿತು ಅತ್ತಳು.

ಇದ್ದತ್ ಮುಗಿದ ಮೇಲೆ ಗಂಡನ ಹಳೆಯ ಗಣಿ ಮಾಲೀಕರನ್ನು ಕೇಳಿ ಒಂದು ಫರಸಿ ಪಡೆದಳು. ಹೈದರಾಬಾದಿಗೆ ಹೋಗುವ ಕಲ್ಲಿನ ಲಾರಿಯಲ್ಲಿ ಅದರೊಂದಿಗೆ ತಾನೂ ಹೋದಳು. ಆಶ್ರಯಧಾಮದ ಬೇವಿನ ಮರದ ಕೆಳಗೆ, ಮುನ್ನಿಯನ್ನು ಹೂಳಿದ ಜಾಗದಲ್ಲಿ ಕಲ್ಲು ಹಾಸಿದರು.

"ದಾರ್ಯಾಗ ಸೀಳೇನರೆ ಬಿಟ್ಟದೇನು ನೋಡ್ರಿ ಚಾಚಿ," ಎಂದಳು ಚಂದ್ರಕಲಾ.

ಇಮಾಮ್ಬೀ ಬಗ್ಗಿ ಬೆರಳು ಮಡಿಚಿದಳು. ಕೈ ಕಲ್ಲಿನ ಹತ್ತಿರ ಹೋಗಿ ನಿಂತಿತು.

"ಬ್ಯಾಡ," ಎಂದಳು ಮೆಲ್ಲಗೆ. "ಕೇಳಿಸೀತು ಅಕಿಗಿ."

ಬಡಿಯದೆ, ಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು.