ಕೆಂಪು ಬಣ್ಣದ ಕಂಪ್ರೆಸರ್

ವಾಕಡದ ಸೇತುವೆಯಡಿ ಪಂಕ್ಚರ್ ಅಂಗಡಿ ಇಟ್ಟಿರುವ ಶಂಕ್ರೆಪ್ಪ ಬೆಳಿಗ್ಗೆ ತನ್ನ ಮುಖ ತೊಳೆಯುವ ಮೊದಲು ಗಾಳಿ ತುಂಬುವ ಕಂಪ್ರೆಸರಿನ ಮೈ ಒರೆಸುತ್ತಾನೆ. ಗಿರಾಕಿಗಳಿಗೆ ಕಾಯಲು ಹೇಳುವಾಗ ‘ಥಾಂಬಾ’ ಎಂದು ಮರಾಠಿಯಲ್ಲಿ ಗದರುವವನು ಅದರೊಡನೆ ಮಾತ್ರ ಕನ್ನಡದಲ್ಲಿ, ಅದೂ ಮೆಲ್ಲಗೆ, ಮಾತಾಡುತ್ತಾನೆ. ಪ್ರತಿ ಖಂಡೇನವಮಿಗೂ ಅದಕ್ಕೆ ಹೊಸ ಕೆಂಪು ಬಣ್ಣ ಬಳಿಯುತ್ತಾನೆ. ಬೈಕಿಗೆ ಗಾಳಿ ತುಂಬಿಸಲು ಹೋಗಿದ್ದ ನಾನು ಆ ಹೊಳಪಿಗೆ ಮರುಳಾಗಿ ಬಗ್ಗಿ ನೋಡಿದೆ. ಹೆಚ್ಚಾದ ಗಾಳಿಯನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವ್, ತಳದ ನೀರು ಬಸಿಯುವ ನಲ್ಲಿ, ಎರಡೂ ಬಣ್ಣದಡಿ ಹೂತುಹೋಗಿದ್ದವು. “ಶಂಕ್ರೆಪ್ಪ, ಇದು ಸಿಡೀತದ,” ಎಂದೆ. “ಇಷ್ಟು ವರ್ಷದಾಗ ಒಮ್ಮೆನೂ ಉಸ್ ಅಂದಿಲ್ರಿ, ಭಾಳ ಶಾಂತ ಅದ,” ಎಂದ ಹೆಮ್ಮೆಯಿಂದ. ಅದರ ಹಿಂದೆ, ಗುಂಯ್‌ಗುಡುತ್ತಿದ್ದ ಬೆಚ್ಚಗಿನ ಟ್ಯಾಂಕಿಗೆ ನೋಯುವ ಬೆನ್ನು ಆನಿಸಿ ಅವನ ಹೆಂಡತಿ ಸಾಬವ್ವ ಕೂತಿದ್ದಳು. ನಾನು ಸ್ವಿಚ್ಚಿಗೆ ಕೈ ಚಾಚಿದೆ. ಶಂಕ್ರೆಪ್ಪ ನನ್ನ ಕೈ ಹಿಡಿದ. “ಬಂದ್ ಮಾಡಬ್ಯಾಡ್ರಿ, ಅಕಿಗಿ ಈಗಷ್ಟೇ ನಿದ್ದಿ ಹತ್ಯಾದ.”