ಇನೆಸ್ ಚಿಕ್ಕಮ್ಮನ ಕತ್ತಿನ ಗಂಟು

ಆಗ ಇಂಗಮ್ ಎಂಬ ಊರಿನ ಸುತ್ತಲ ನಮ್ಮ ಕಬ್ಬಿನ ಸೀಮೆಯಲ್ಲಿ ಶನಿವಾರ ಸಂಜೆಯಾದರೆ ಇನೆಸ್ ಚಿಕ್ಕಮ್ಮನ ಹಿತ್ತಿಲ ಜಗಲಿಯಲ್ಲಿ ಗಂಡಸರ ಬೆನ್ನುಗಳು ಸಾಲುಗಟ್ಟುತ್ತಿದ್ದವು. ಗಂಡ ಬ್ರೂನೊ, ಮೈದುನ, ಗಂಡುಮಕ್ಕಳು, ಎಲ್ಲರೂ ಸ್ನಾನ ಮುಗಿಸಿ ಬರಿಮೈಯಲ್ಲಿ ಕೂರುವರು. ಅವಳು ಕನ್ನಡಕ ಏರಿಸಿ, ಟಾರ್ಚ್ ಹಿಡಿದು ಒಂದೊಂದೇ ಮಚ್ಚೆ ಪರೀಕ್ಷಿಸುವಳು. ನಮ್ಮ ಬಿಸಿಲು ಚರ್ಮದಲ್ಲಿ ಏನು ಬೆಳೆಸುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹೊಸದೇನಾದರೂ ಕಂಡರೆ ಡಾಕ್ಟರಿಗೆ ಫೋನ್ ಮಾಡುವವಳೂ ಅವಳೇ, ಕಾರಿನಲ್ಲಿ ಕರೆದೊಯ್ಯುವವಳೂ ಅವಳೇ. ಆ ಜಗಲಿಯ ಸೋಪಿನ ಪರಿಮಳ, ಒಳಗೆ ಕುದಿಯುವ ಟೊಮೆಟೊದ ಘಮ ಇನ್ನೂ ನನ್ನ ಮೂಗಿನಲ್ಲಿವೆ.

ಅವಳ ಕತ್ತನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ರಜೆಗೆ ಹೋಗಿದ್ದ ನಾನು ಅವಳ ತಲೆಗೂದಲಿಗೆ ಬಣ್ಣ ಹಚ್ಚುವಾಗ ಕಿವಿಯ ಕೆಳಗೆ ಒಂದು ಗಂಟು ಬೆರಳಿಗೆ ತಗುಲಿತು.

"ಕೊಬ್ಬಿನ ಗಂಟು ಕಣೇ, ನಮ್ಮಮ್ಮಂಗೂ ಇತ್ತು."

ಬಿಡದೆ ಟೌನ್ಸ್‌ವಿಲ್ಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಚಿಕ್ಕಪ್ಪನೂ ಬಂದ.

"ತೋಳು ಎತ್ತೋ ನರ ಇಲ್ಲೇ ಹೋಗತ್ತೆ," ಎಂದರು ಡಾಕ್ಟರು. "ಗಂಟು ಅಷ್ಟು ಆಳಕ್ಕೆ ಇಳಿದಿದ್ರೆ ನರ ಉಳಿಸೋದು ಕಷ್ಟ. ಅಲ್ಟ್ರಾಸೌಂಡ್ ಮಾಡಿ ನೋಡೋಣ."

"ತೋಳೇ ಎತ್ತಕ್ಕಾಗ್ದಿದ್ರೆ ಮನೆ ಹೆಂಗೆ ನಡೆಯತ್ತೆ?" ಎಂದ ಚಿಕ್ಕಪ್ಪ.

"ನೋಡಿದ್ಯಾ? ಗಾಬರಿ ನನ್ನ ಬಗ್ಗೆ ಅಲ್ಲ, ಮನೆ ಬಗ್ಗೆ," ಎಂದು ಚಿಕ್ಕಮ್ಮ ನನ್ನತ್ತ ತಿರುಗಿದಳು.

ಕತ್ತಿಗೆ ತಣ್ಣನೆಯ ಜೆಲ್ ಬಿದ್ದಾಗ ಮಾತ್ರ ನಕ್ಕಳು. "ಅಯ್ಯೋ, ಇದು ಬಸುರಿಯರಿಗಲ್ವಾ? ಈ ವಯಸ್ಸಲ್ಲಿ, ಅದೂ ಕತ್ತಲ್ಲಿ ಕೂಸು!"

ಪರದೆಯ ಮೇಲೆ ಚರ್ಮದ ಬೆಳ್ಳನೆಯ ಪಟ್ಟಿ, ಅದರಡಿ ಕಪ್ಪಾದ, ಸೊಟ್ಟ ಅಂಚಿನ ಒಂದು ಮುದ್ದೆ. ಯಂತ್ರ ಹಿಡಿದಿದ್ದ ಹೆಂಗಸು ಅದನ್ನೇ ಮತ್ತೆ ಮತ್ತೆ ಅಳೆದಳು. ಆಮೇಲೆ ಡಾಕ್ಟರನ್ನು ಕರೆದಳು.

"ಕೊಬ್ಬಿನ ಗಂಟು ಹೀಗೆ ಕಾಣಲ್ಲ, ಒಳಗೆ ರಕ್ತ ಹರೀತಿದೆ," ಎಂದರು ಡಾಕ್ಟರು. "ಚೂರು ತೆಗೆದು ಪರೀಕ್ಷೆ ಮಾಡ್ಲೇಬೇಕು. ಆದ್ರೆ ಈ ಬಿಳಿ ಗೆರೆ ನೋಡಿ, ಸ್ನಾಯುವಿನ ಹೊದಿಕೆ. ಗಂಟು ಅದನ್ನ ಮುಟ್ಟಿಲ್ಲ. ನರ ಇರೋದು ಅದರ ಕೆಳಗೆ."

ಪರೀಕ್ಷೆಯಲ್ಲಿ ಕ್ಯಾನ್ಸರೇ ಎಂದು ತಿಳಿಯಿತು. ಪೂರ್ತಿ ಕೊಯ್ದು ತೆಗೆದರು. ಗಾಯ ಮಾಯುವವರೆಗೆ ತೋಳು ಎತ್ತಬಾರದೆಂದರು.

ಚಿಕ್ಕಮ್ಮ ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಆ ದಿನಗಳಲ್ಲೇ. ಮರದ ನೆರಳಲ್ಲಿ ಮಾವಿನಹಣ್ಣು ಚೀಪುತ್ತ, ಬಟ್ಟೆ ಒಣಹಾಕುತ್ತಿದ್ದ ಚಿಕ್ಕಪ್ಪನಿಗೆ ಕೂಗಿ ಹೇಳುವಳು: "ಬ್ರೂನೊ, ಚಡ್ಡಿಗೆ ಒಂದೇ ಕ್ಲಿಪ್ಪಾ? ಹಾರಿಹೋಗಿ ಪಕ್ಕದ ಪಾದ್ರಿಗಳ ಅಂಗಳದಲ್ಲಿ ಬೀಳತ್ತೆ!"

ಹೊಲಿಗೆ ಬಿಚ್ಚಿದ ಮೇಲೊಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ತೋಳನ್ನು ತಲೆಯ ಮೇಲಕ್ಕೆ ನೆಟ್ಟಗೆ ಎತ್ತಿ ನನಗೆ ತೋರಿಸಿದಳು.

"ನಿಮ್ಮ ಚಿಕ್ಕಪ್ಪಂಗೆ ಹೇಳ್ಬೇಡ," ಎಂದು ಪಿಸುಗುಟ್ಟಿದಳು. "ಮಾವಿನ ಕಾಲ ಮುಗೀಲಿ."