ನೀರು ಕುಡಿಯದ ಮಣ್ಣು

ವರ್ಷಗಳ ಹಿಂದೆ, ನಮ್ಮ ಮನೆಯ ಗೃಹಪ್ರವೇಶದ ದಿನ ಏನೇನು ಕೆಡಬಹುದೆಂದು ನಾನು ಹಿಂದಿನ ವಾರವೇ ಯೋಚಿಸಿಟ್ಟಿದ್ದೆ. ಮಳೆ ಬಂದು ಶಾಮಿಯಾನ ಕುಸಿಯಬಹುದು. ಹಸಿ ಗೋಡೆ ನೆಂಟರೆದುರೇ ಬಿರುಕು ಬಿಡಬಹುದು. ಹಾಲು ಉಕ್ಕದೆ ಒಡೆಯಬಹುದು. ಹೋಳಿಗೆ ಸಾಲದೆ ಹೋಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಅಷ್ಟೂ ಜನ ಉಂಡು ಒಂದೇ ದಿನ ಹೊಸ ಕಕ್ಕಸಿಗೆ ಹೋದರೆ ಪಿಟ್ಟಿನ ಗುಂಡಿ ತುಂಬಿ, ಮಂತ್ರಘೋಷದ ನಡುವೆಯೇ ತನ್ನ ಇರವನ್ನು ಸಾರಬಹುದು.

ಇದೆಲ್ಲ ಮತ್ತೆ ನೆನಪಾದದ್ದು ಒಂದು ವಾಸನೆಯಿಂದ. ಕಳೆದ ತಿಂಗಳು ಪಕ್ಕದ ಸೈಟಿನವರು ಜೆಸಿಬಿ ತರಿಸಿ ವಾಯುವ್ಯ ಮೂಲೆಯಲ್ಲಿ ಪಿಟ್ಟು ತೋಡಿಸಿದರು. ಹಸಿ ಜೇಡಿಮಣ್ಣಿನ ವಾಸನೆ, ಹಳೇ ಗದ್ದೆಯ ಕೊಳೆತ ಬೇರಿನ ವಾಸನೆ ನಮ್ಮ ಅಡುಗೆಮನೆವರೆಗೂ ಬಂತು. ಅದರ ಹಿಂದೆಯೇ ಬೀಡಿಯ ವಾಸನೆಯೂ ಬಂದಂತಾಯಿತು… ಅಲ್ಲಿ ಯಾರೂ ಬೀಡಿ ಸೇದುತ್ತಿರಲಿಲ್ಲ.

ಚನ್ನಪಟ್ಟಣದ ಹೊರಗೆ ಗದ್ದೆಗಳನ್ನು ಸೈಟು ಮಾಡಿದ ಹೊಸತರಲ್ಲಿ ನಾನು ಮನೆ ಕಟ್ಟಲು ಹೊರಟೆ. ಪಿಟ್ಟು ತೋಡಲು ಬಂದವರನ್ನು ಬಡಾವಣೆಯವರೆಲ್ಲ ಪಿಟ್ಟಿನ ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಹೆಸರು ಕೇಳಲಿಲ್ಲ. ವಾಸ್ತುವಿನವರು ಗುರುತು ಹಾಕಿದ್ದ ವಾಯುವ್ಯ ಮೂಲೆಯಲ್ಲಿ ಅವರು ಮೊಣಕಾಲುದ್ದ ಗುಂಡಿ ತೆಗೆದು, ನಾಲ್ಕು ಬಿಂದಿಗೆ ನೀರು ಹುಯ್ದು, ಬೀಡಿ ಹಚ್ಚಿ ಕೂತುಬಿಟ್ಟರು.

"ಏನು ತಾತ, ಕೆಲಸ ಶುರು ಮಾಡಲ್ವಾ?"

"ಮಾಡ್ತಾ ಇವ್ನಲ್ಲ ಮೇಷ್ಟ್ರೇ. ಮಣ್ಣು ನೀರ್ ಕುಡೀತದಾ ನೋಡ್ತಾ ಇವ್ನಿ."

ಮರುದಿನ ಬೆಳಿಗ್ಗೆಯೂ ನೀರು ಅಲ್ಲೇ ನಿಂತಿತ್ತು, ಮುಖ ನೋಡಿಕೊಳ್ಳುವಷ್ಟು ತಿಳಿಯಾಗಿ. ತಾತ ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹೊಸೆದು, ಹಾವಿನ ಹಾಗೆ ಉದ್ದ ಮಾಡಿ ನನ್ನ ಕೈಗಿಟ್ಟರು. ಬಾಗಿತು, ಮುರಿಯಲಿಲ್ಲ.

"ಇದು ಜೇಡಿ. ಇಲ್ಲಿ ಪಿಟ್ ತಗುದ್ರೆ ಮಳೆಗಾಲದಲ್ಲಿ ನೀವು ಕಳ್ಸಿದ್ದೆಲ್ಲ ನಿಮ್ಮನೆಗೇ ವಾಪಸ್ ಬತ್ತದೆ."

ಎದುರು ಮೂಲೆಯಲ್ಲಿ ಹರಳು ಹರಳಾದ ಕೆಮ್ಮಣ್ಣು. ಅಲ್ಲಿ ಹುಯ್ದ ನೀರು ಎರಡು ಬೀಡಿ ಮುಗಿಯುವುದರೊಳಗೆ ಇಂಗಿತು. ಆದರೆ ಅದು ಆಗ್ನೇಯ.

"ಅಡುಗೆಮನೆ ಮಗ್ಗುಲಲ್ಲಿ ಕಕ್ಕಸು ಗುಂಡಿಯಾ? ಅಗ್ನಿ ಮೂಲೆ ಕಣಪ್ಪ ಅದು," ಎಂದರು ನಮ್ಮಮ್ಮ.

"ಅಗ್ನಿಗೆ ಒಸಿ ಅಡ್ಜಸ್ಟ್ ಮಾಡ್ಕಳಕ್ ಯೋಳಿ ಅವ್ವಾ. ಜೇಡಿ ಅಡ್ಜಸ್ಟ್ ಆಗಾಕಿಲ್ಲ."

ನಾನು ಮೂರು ದಿನ ಒದ್ದಾಡಿ, ವಾಸ್ತುದೋಷಕ್ಕಿಂತ ಆ 'ವಾಪಸ್' ಎಂಬ ಮಾತಿಗೇ ಹೆಚ್ಚು ಹೆದರಿ, ತಾತನ ಮಾತಿಗೆ ಒಪ್ಪಿದೆ. ಜೇಡಿಯ ಕಡೆ ಪಾಯವನ್ನು ಇನ್ನೂ ಆಳ ತೆಗೆಸಿದ್ದೂ ಅವರೇ. ಆ ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ, ಗೋಡೆಯನ್ನೂ ಎಳೆದುಕೊಳ್ಳುತ್ತದೆ ಎಂದರು. ವಾಯುವ್ಯದ ಮೂಲೆಯಲ್ಲಿ ಏರಿ ಮಾಡಿ ಬಾಳೆ ನೆಡಿ ಎಂದರು. ನೆಟ್ಟೆ.

ಗೃಹಪ್ರವೇಶಕ್ಕೆ ಕರೆದಾಗ ನಕ್ಕರು. "ಬತ್ತೀನಿ ಮೇಷ್ಟ್ರೇ. ನನ್ ಪಿಟ್ ನೋಡಾಕಾದ್ರೂ ಬತ್ತೀನಿ."

ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹಿತ್ತಲ ಗೇಟಿನಿಂದ. ಪಿಟ್ಟಿನ ಚಪ್ಪಡಿಯ ಮೇಲೆ ನಿಂತು, ಬಗ್ಗಿ ವಾಸನೆ ನೋಡಿ, ತಲೆಯಾಡಿಸಿದರು. ಕಿಟಕಿಯಿಂದ ನೋಡಿದ ನಾನು ಒಳಗೆ ಕರೆಯಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಹೋಳಿಗೆ ಸಾಲದೇನೋ ಎಂದರು. ಬುಟ್ಟಿ ನೋಡಲು ಓಡಿದೆ. ವಾಪಸ್ ಬಂದಾಗ ಹಿತ್ತಲು ಖಾಲಿ.

"ಒಂದು ಲೋಟ ನೀರಿಸ್ಕೊಂಡು ಕುಡಿದ್ರು," ಎಂದ ಅಡುಗೆಯವನು. "ಒಸಿ ಹೊತ್ತು ನಿಂತಿದ್ರು. ಯಾರೂ ಕರೀಲಿಲ್ಲ. ಹೊರಟೋದ್ರು."

ಅಂದು ಒಂದು ಬುಟ್ಟಿ ಹೋಳಿಗೆ ಮಿಕ್ಕಿತು. ತಾತನ ಮನೆಗೆ ಕೊಟ್ಟು ಬರೋಣವೆಂದುಕೊಂಡೆ. ಮಿಕ್ಕಿದ್ದನ್ನು ತಂದ ಅಂದುಕೊಂಡರೆ ಎಂಬ ಚಿಂತೆ ಶುರುವಾಯಿತು. ನಾಳೆ ಹೋದರಾಯಿತು ಎಂದೆ. ನಾಡಿದ್ದು ಎಂದೆ… ಹಾಗೇ ವರ್ಷಗಳು ಹೋದವು.

ಪಕ್ಕದವರ ಹೊಸ ಪಿಟ್ಟಿನಲ್ಲಿ ಒಂದೇ ಮಳೆಗೆ ನೀರು ನಿಂತು, ವಾರವಾದರೂ ಇಳಿಯಲಿಲ್ಲ. "ನಿಮ್ದು ಯಾರು ತೋಡಿದ್ದು ಸಾರ್?" ಎಂದು ಕೇಳಿದರು. ನಾನೇ ಕರೆತರುತ್ತೇನೆ ಎಂದು, ನಮ್ಮ ವಾಯುವ್ಯ ಮೂಲೆಯ ಬಾಳೆಗೊನೆಯಿಂದ ಎರಡು ಚಿಪ್ಪು ಕೊಯ್ದು, ಕೇಳಿಕೊಂಡು ಕೇಳಿಕೊಂಡು ತಾತನ ಮನೆ ಹುಡುಕಿದೆ. ಬಾಗಿಲಿಗೆ ಬಂದದ್ದು ಸೊಸೆ. ತಾತ ತೀರಿಹೋಗಿ ಎರಡು ವರ್ಷವಾಗಿತ್ತು.

ನಾನು ಯಾರೆಂದು ಹೇಳಿದ್ದೇ ತಡ, ಆಕೆಯ ಮುಖ ಅರಳಿತು. "ನೀವೇನಾ ಆ ಮೇಷ್ಟ್ರು? ನಮ್ಮಾವ ನಿಮ್ಮನೆ ಊಟ ಯಾವಾಗ್ಲೂ ಯೋಳ್ತಿದ್ರು ಕಣ್ರೀ. ಎಲೆ ಮುಂದೆ ಕೂರ್ಸಿ, ಮೇಷ್ಟ್ರೇ ನಿಂತ್ಕಂಡು ಎರಡೆರಡು ಹೋಳಿಗೆ ಬಡಿಸುದ್ರು ಅಂತ."

ನಾನು ಬಾಳೆಹಣ್ಣನ್ನು ಜಗಲಿಯ ಮೇಲಿಟ್ಟು, ಹೌದಮ್ಮಾ ಎಂದೆ.

ಮನೆಯ ಗೋಡೆ ಇವತ್ತಿಗೂ ಬಿರುಕು ಬಿಟ್ಟಿಲ್ಲ. ಪಿಟ್ಟು ಒಮ್ಮೆಯೂ ತುಂಬಿಲ್ಲ. ಅವತ್ತು ಮಳೆ ಬರಲಿಲ್ಲ, ಹಾಲು ಉಕ್ಕಿತು, ಹೋಳಿಗೆ ಮಿಕ್ಕಿತು. ತಾತ ಉಣ್ಣದೆ ಹೋದರು.